ಮಹಜರು, ರಸೀದಿ, ಸನ್ನದು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಗಳು ವಕೀಲಿಕೆಯ ಸನ್ನದು ಪಡೆದ ಸುದ್ದಿ ತಿಳಿದು ಬಹಳ ಸಂತೋಷವಾಯಿತು. ಅದೇ ಪತ್ರದಲ್ಲಿ ನಿನ್ನ ಎರಡು ಆತಂಕಗಳನ್ನೂ ಬರೆದಿದ್ದೀಯ. ಅವಳು ಕ್ರಿಮಿನಲ್ ಕೇಸುಗಳನ್ನೇ ಮಾಡುತ್ತೇನೆ, ಅದೂ ಆರೋಪಿಗಳ ಪರವಾಗಿಯೇ ಎಂದು ಹಟ ಹಿಡಿದಿದ್ದಾಳೆ ಎನ್ನುವುದು ಒಂದು. ಯಾರೋ ವಕೀಲರ ಪರಿಷತ್ತಿಗೆ ಅರ್ಜಿ ಹಾಕಿದರೆ ಸನ್ನದೇ ಹೋಗಿಬಿಡುತ್ತದಂತೆ ಎಂದು ನಿನ್ನ ಕಿವಿಗೆ ಬಿದ್ದಿರುವುದು ಇನ್ನೊಂದು. ಎರಡಕ್ಕೂ ಬೇರೆಬೇರೆ ಸಮಾಧಾನ ಹೇಳುವುದಕ್ಕಿಂತ ಒಂದು ಮಾತು ಹೇಳುತ್ತೇನೆ. ಯಾವ ಕಾಗದ, ಯಾವ ಹೊತ್ತಿಗೆ, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಸಹಿ ಎಲ್ಲಿ? ಪೊಲೀಸರ ಕಡತಕ್ಕೆ ಈ ಪ್ರಶ್ನೆ ಹಾಕಲು ಕಲಿತ ವಕೀಲೆ ಕಕ್ಷಿದಾರನನ್ನು ಬಿಡಿಸುತ್ತಾಳೆ. ಇದೇ ಪ್ರಶ್ನೆಯನ್ನು ತನ್ನ ಕಚೇರಿಯ ಕಡತಕ್ಕೂ ದಿನಾ ಹಾಕಿಕೊಂಡರೆ ಶಿಸ್ತು ಸಮಿತಿಯ ಮುಂದೆ ನಿಲ್ಲುವ ಸಂದರ್ಭ ಬರುವುದು ಬಹಳ ಕಡಿಮೆ. ಈ ಪತ್ರವನ್ನು ಅವಳಿಗೂ ಓದಲು ಕೊಡು.

ಮೊದಲು "ಕಳ್ಳರ ಪರ ಯಾಕೆ ನಿಲ್ಲಬೇಕು" ಎಂಬ ನಿಮ್ಮ ಮನೆಯವರ ಮಾತು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲೇ ಇದಕ್ಕೆ ಉತ್ತರವಿದೆ. ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬ ತನ್ನ ಸ್ವಂತ ಅಭಿಪ್ರಾಯ ಏನೇ ಇರಲಿ, ವಕೀಲರು ಅವನ ಪರ ವಾದಿಸಬೇಕು, ಸಾಕ್ಷ್ಯವಿಲ್ಲದೆ ಯಾರಿಗೂ ಶಿಕ್ಷೆಯಾಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ 15ನೇ ನಿಯಮ. ನಿಮ್ಮ ಹುಬ್ಬಳ್ಳಿಯಲ್ಲೇ 2020ರ ಫೆಬ್ರುವರಿಯಲ್ಲಿ ಕಾಶ್ಮೀರದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದು ಎಂದು ವಕೀಲರ ಸಂಘ ನಿರ್ಣಯ ಮಾಡಿದ್ದು ನಿನಗೆ ನೆನಪಿರಬಹುದು. ಬೆಂಗಳೂರಿನಿಂದ ಹೋದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ಕೋರ್ಟಿಗೆ ಹೋಗಬೇಕಾಯಿತು. ಹೈಕೋರ್ಟ್ ಆ ನಿರ್ಣಯವನ್ನು ಒಪ್ಪಲಿಲ್ಲ. ಇಂಥ ನಿರ್ಣಯಗಳು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ, ತಮಿಳುನಾಡಿನ ಮಹಮ್ಮದ್ ರಫಿ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿತ್ತು. ಊರೆಲ್ಲ ಎದುರು ನಿಂತಾಗ ಒಬ್ಬರಾದರೂ ಪಕ್ಕದಲ್ಲಿ ನಿಲ್ಲದಿದ್ದರೆ ವಿಚಾರಣೆ ಎಂಬ ಮಾತಿಗೆ ಅರ್ಥವೇ ಇಲ್ಲ. ನಿನ್ನ ಮಗಳು ಇದನ್ನು ಅರ್ಥ ಮಾಡಿಕೊಂಡೇ ಹಟ ಹಿಡಿದಿದ್ದರೆ ಅವಳನ್ನು ತಡೆಯಬೇಡ.

ಈಗ ಕೆಲಸದ ಮಾತು. ಆರೋಪಿಯ ವಕೀಲರ ಗಡಿಯಾರ ಬಂಧನದ ಹೊತ್ತಿಗೇ ಓಡಲು ಶುರುವಾಗುತ್ತದೆ. ಮನೆಯವರು ಫೋನ್ ಮಾಡಿದ ಕೂಡಲೇ ಬರೆದುಕೊಳ್ಳಬೇಕಾದ್ದು: ಎಷ್ಟು ಹೊತ್ತಿಗೆ, ಎಲ್ಲಿಂದ ಕರೆದುಕೊಂಡು ಹೋದರು, ಯಾರು ನೋಡಿದರು, ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟರೇ, ಯಾವ ಭಾಷೆಯಲ್ಲಿ ಕೊಟ್ಟರು. ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ, ಬಂಧಿಸಿದ ಕೂಡಲೇ ಸಾಧ್ಯವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದೆ. ರಿಮ್ಯಾಂಡ್ ದಿನವೇ, ಅಂದರೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಕಸ್ಟಡಿಗೆ ಒಪ್ಪಿಸುವ ದಿನವೇ ಇದನ್ನು ಎತ್ತಿ, ಮ್ಯಾಜಿಸ್ಟ್ರೇಟರ ಆರ್ಡರ್ ಶೀಟಿನಲ್ಲಿ ಬರುವಂತೆ ಮಾಡಬೇಕು. ಬಾಯಲ್ಲಿ ಹೇಳಿ ಬಂದರೆ ಅದು ಮುಂದೆ ಯಾವ ಕೋರ್ಟಿಗೂ ಕಾಣಿಸುವುದಿಲ್ಲ. ಒಂದು ಪುಟದ ಮೆಮೊ ಕೊಟ್ಟರೂ ಸಾಕು.

ಅದಾದ ಮೇಲೆ ದಿನಗಳ ಲೆಕ್ಕ. ದೋಷಾರೋಪಣ ಪಟ್ಟಿ 60 ದಿನದೊಳಗೆ, ದೊಡ್ಡ ಅಪರಾಧಗಳಲ್ಲಿ 90 ದಿನದೊಳಗೆ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 167ನೇ ಕಲಮು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮು. ರಿಮ್ಯಾಂಡ್ ಆದ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು 2023ರಲ್ಲಿ ತೀರ್ಮಾನವಾಗಿದೆ. ಮಾರ್ಚ್ 1ಕ್ಕೆ ರಿಮ್ಯಾಂಡ್ ಆಗಿದ್ದರೆ ಏಪ್ರಿಲ್ 29ಕ್ಕೆ 60 ದಿನ ಮುಗಿಯುತ್ತದೆ. ಏಪ್ರಿಲ್ 30ರಂದು ಕೋರ್ಟ್ ಕೂರುವ ಹೊತ್ತಿಗೆ ಅರ್ಜಿ ಕೈಯಲ್ಲಿರಬೇಕು. ಮಧ್ಯಾಹ್ನ ಹೋಗೋಣ ಎಂದುಕೊಂಡರೆ ಅಷ್ಟರಲ್ಲಿ ಪೊಲೀಸರು ಪಟ್ಟಿ ಸಲ್ಲಿಸಿಬಿಟ್ಟಿರುತ್ತಾರೆ, ಹಕ್ಕು ಹೋಯಿತು. ಮೊದಲು ಅರ್ಜಿ ಬಿದ್ದಿದ್ದರೆ ಆಮೇಲೆ ಬಂದ ಪಟ್ಟಿ ಆ ಹಕ್ಕನ್ನು ಕಿತ್ತುಕೊಳ್ಳಲಾರದು. ಆದ್ದರಿಂದ ಅರ್ಜಿಯ ಮೇಲೆ ಸಲ್ಲಿಸಿದ ಗಂಟೆ, ನಿಮಿಷ ನಮೂದಾಗಬೇಕು. 60ಕ್ಕೋ 90ಕ್ಕೋ ಎಂಬಲ್ಲೂ ಎಡವುತ್ತಾರೆ: ಶಿಕ್ಷೆ "ಹತ್ತು ವರ್ಷದವರೆಗೆ" ಎಂದಿದ್ದರೆ 60, ಕನಿಷ್ಠ ಶಿಕ್ಷೆಯೇ ಹತ್ತು ವರ್ಷವಾಗಿದ್ದರೆ, ಇಲ್ಲವೇ ಜೀವಾವಧಿ, ಮರಣದಂಡನೆ ಇದ್ದರೆ 90.

ಇನ್ನು ಕಡತ ಓದುವ ಕೆಲಸ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಆರೋಪಿ ಪರ ವಕೀಲಿಕೆಯ ಮುಕ್ಕಾಲು ಪಾಲು ಇಲ್ಲೇ ಇದೆ, ಕೋರ್ಟಿನಲ್ಲಿ ಏರುವ ದನಿಯಲ್ಲಿ ಅಲ್ಲ. ಒಂದು ಗಾಂಜಾ ಕೇಸು ಎಂದಿಟ್ಟುಕೊ. ಪಂಚರ ಎದುರು ಸ್ಥಳದಲ್ಲೇ ಬರೆಯಬೇಕಾದ ಜಪ್ತಿಯ ದಾಖಲೆಯಾದ ಮಹಜರಿನಲ್ಲಿ ಹೀಗಿದೆ: ಬಸ್ ನಿಲ್ದಾಣದ ಹತ್ತಿರ ಬೆಳಿಗ್ಗೆ 10-30ರಿಂದ 12-00 ಗಂಟೆಯವರೆಗೆ ಮಹಜರು, ಆರೋಪಿಯ ಚೀಲದಲ್ಲಿ 12 ಪೊಟ್ಟಣ, ತೂಕ ಮಾಡಲಾಗಿ ಒಟ್ಟು 21 ಕೆಜಿ 200 ಗ್ರಾಂ. ಪ್ರಥಮ ವರ್ತಮಾನ ವರದಿ ದಾಖಲಾದದ್ದು ಮಧ್ಯಾಹ್ನ 1-15ಕ್ಕೆ. ಈಗ ಮಹಜರಿನ ಮೊದಲ ಹಾಳೆಯ ನೆತ್ತಿ ನೋಡು. ಅಲ್ಲಿ, ವರದಿ ದಾಖಲಾದಾಗಷ್ಟೇ ಹುಟ್ಟುವ ಅಪರಾಧ ಸಂಖ್ಯೆ, ಅದೇ ಪೆನ್ನಿನಲ್ಲಿ, ಅದೇ ಬರವಣಿಗೆಯಲ್ಲಿ ಇದ್ದರೆ ಕೇಳಬೇಕಾದ ಪ್ರಶ್ನೆ: 1-15ಕ್ಕೆ ಹುಟ್ಟಿದ ಸಂಖ್ಯೆ 12ಕ್ಕೆ ಮುಗಿದ ಮಹಜರಿನ ಮೇಲೆ ಹೇಗೆ ಬಂತು? ಮಹಜರನ್ನು ಠಾಣೆಯಲ್ಲಿ ಕುಳಿತು ಬರೆದರು ಎಂಬ ವಾದಕ್ಕೆ ಇದಕ್ಕಿಂತ ಸರಳವಾದ ಆಧಾರ ಬೇಕಿಲ್ಲ.

ಮುಂದಿನದು ತೂಕ. ಗಾಂಜಾಕ್ಕೆ 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಕನಿಷ್ಠ ಒಂದು ಲಕ್ಷ ದಂಡ, ಜಾಮೀನಿಗೂ ಮಾದಕ ವಸ್ತು (ಎನ್‌ಡಿಪಿಎಸ್) ಕಾಯ್ದೆಯ 37ನೇ ಕಲಮಿನ ಕಟ್ಟುಪಾಡು, ದೋಷಾರೋಪಣ ಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನ. 20ರ ಒಳಗಿದ್ದರೆ 10 ವರ್ಷದವರೆಗೆ ಎಂಬ ಶಿಕ್ಷೆ, ಕನಿಷ್ಠವೇ ಇಲ್ಲ. ಅಂದರೆ ಈ 1 ಕೆಜಿ 200 ಗ್ರಾಮಿನಲ್ಲಿ ಒಬ್ಬ ಮನುಷ್ಯನ ಹತ್ತು ವರ್ಷ ಕುಳಿತಿದೆ. ಹಾಗಾದರೆ ತಕ್ಕಡಿ ಯಾರದು? ಅದನ್ನು ಯಾರು ತಂದರು, ಎಲ್ಲಿಂದ? ಪೊಟ್ಟಣ ಬಿಚ್ಚಿ ತೂಗಿದರೋ, ಪ್ಲಾಸ್ಟಿಕ್, ಕಂದು ಬಣ್ಣದ ಟೇಪು, ಚೀಲ ಎಲ್ಲ ಸೇರಿಸಿಯೋ? ಒಂದೊಂದನ್ನೇ ತೂಗಿದ್ದರೆ 12 ಅಂಕಿಗಳು ಎಲ್ಲಿವೆ? ಕಾನೂನಿನಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಬೀಜ, ಎಲೆ ಅದರಲ್ಲಿ ಸೇರುವುದಿಲ್ಲ. ಕಡ್ಡಿ, ಎಲೆ, ಬೀಜ ಬೇರ್ಪಡಿಸಿದರೇ ಎಂದು ಮಹಜರು ಬರೆದವರನ್ನೂ ಪ್ರಯೋಗಾಲಯದ ತಜ್ಞರನ್ನೂ ಕೇಳಬೇಕು.

ಆಮೇಲೆ ವಸ್ತುವಿನ ಪ್ರಯಾಣ. ಸೀಲಿನ ಅಕ್ಷರ ಮಹಜರಿನಲ್ಲಿ ಏನಿದೆ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ ಏನಿದೆ? ಪಿ.ಎಫ್. (ಜಪ್ತಿ ಮಾಡಿದ ಸ್ವತ್ತಿನ ನಮೂನೆ) ಸಂಖ್ಯೆ ಹಾಕಿ ಕೋರ್ಟಿಗೆ ತಿಳಿಸಿದ ದಿನ ಯಾವುದು? ಠಾಣೆಯಿಂದ ಹೊರಟ ದಿನಕ್ಕೂ ಪ್ರಯೋಗಾಲಯ ಸ್ವೀಕರಿಸಿದ ದಿನಕ್ಕೂ ನಡುವೆ ಎಷ್ಟು ದಿನ, ಆ ದಿನಗಳಲ್ಲಿ ಅದು ಯಾವ ಕೋಣೆಯಲ್ಲಿ, ಯಾರ ಬೀಗದಲ್ಲಿ ಇತ್ತು? ಒಯ್ದ ಪೊಲೀಸ್ ಪೇದೆಯನ್ನು ಸಾಕ್ಷಿಯಾಗಿ ಹೆಸರಿಸಿದ್ದಾರೆಯೇ? ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆಯಬೇಕೆಂಬ, ಅದೇ ಮಾದಕ ವಸ್ತು ಕಾಯ್ದೆಯ 52ಎ ಕಲಮನ್ನು ಪಾಲಿಸಿದರೇ? ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕು ಎಂದು ಈಗ ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ. ಆ ವಿಡಿಯೊ ಇದೆಯೇ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಯಿತೇ, ಅದರೊಳಗಿನ ಗಡಿಯಾರ ಮಹಜರಿನ ಗಡಿಯಾರದ ಜೊತೆ ಹೊಂದುತ್ತದೆಯೇ? ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಒಂದು ಲೋಪ ಸಿಕ್ಕಿತೆಂದು ಕೇಸು ಗೆದ್ದೆವೆಂದುಕೊಳ್ಳಬಾರದು. 52ಎ ಪಾಲಿಸದಿದ್ದುದು ಒಂದೇ ಕಾರಣಕ್ಕೆ, ಉಳಿದ ಸಾಕ್ಷ್ಯ ಗಟ್ಟಿಯಾಗಿದ್ದಾಗ, ಕೇಸು ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಲೋಪಗಳನ್ನು ಒಂದಕ್ಕೊಂದು ಪೋಣಿಸಿ, ವಸ್ತು ಅದೇ ಎಂಬುದರ ಬಗ್ಗೆಯೇ ಸಂಶಯ ಹುಟ್ಟುವಂತೆ ತೋರಿಸಬೇಕು.

ಪಾಟೀ ಸವಾಲಿನ ಬಗ್ಗೆ ಅವಳಿಗೆ ಎರಡು ಮಾತು. ಸಾಕ್ಷಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸವಿದ್ದರೆ, ಹೇಳಿಕೆಯ ಆ ಸಾಲನ್ನೇ ಅವನಿಗೆ ಓದಿ ಹೇಳಿ, ಹೀಗೆ ಹೇಳಿದ್ದೀರಾ ಎಂದು ಕೇಳಬೇಕು. ಇಲ್ಲ ಎಂದರೆ ಅಲ್ಲಿಗೆ ಅರ್ಧ ಕೆಲಸ ಮಾತ್ರ. ತನಿಖಾಧಿಕಾರಿ ಕಟಕಟೆಗೆ ಬಂದಾಗ, ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ ಎಂದು ಕೇಳಿ, ಆ ಭಾಗವನ್ನು ಆರೋಪಿ ಪರದ ದಾಖಲೆಯಾಗಿ ಡಿ-1, ಡಿ-2 ಎಂದು ಗುರುತು ಮಾಡಿಸಬೇಕು. ಸಾಕ್ಷಿಗಳ ವಿಚಾರಣೆಗೂ ತನಿಖಾಧಿಕಾರಿಯ ವಿಚಾರಣೆಗೂ ನಡುವೆ ಎಷ್ಟೋ ಸಲ ಒಂದೆರಡು ವರ್ಷ ಕಳೆದಿರುತ್ತದೆ, ಜ್ಯೂನಿಯರ್ ಬದಲಾಗಿರುತ್ತಾರೆ, ಕೇಳುವುದೇ ಮರೆತುಹೋಗುತ್ತದೆ. ಆಗ ಆ ವ್ಯತ್ಯಾಸ ರುಜುವಾತೇ ಆಗಲಿಲ್ಲ, ವಾದದಲ್ಲಿ ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಆದ್ದರಿಂದ ಪಿಡಬ್ಲ್ಯೂ-1ರ, ಅಂದರೆ ಸರ್ಕಾರದ ಮೊದಲ ಸಾಕ್ಷಿಯ ಪಾಟೀ ಸವಾಲು ಮುಗಿದ ಸಂಜೆಯೇ, ತನಿಖಾಧಿಕಾರಿಗೆ ಕೇಳಬೇಕಾದ ಪ್ರಶ್ನೆಗಳ ಹಾಳೆಯೊಂದನ್ನು ಕಟ್ಟಿನ ಮೊದಲಿಗೇ ಸೇರಿಸಿಡುವುದು ಒಳ್ಳೆಯದು.

ಇನ್ನೊಂದು, ನಮ್ಮ ವಾದವನ್ನೇ ಸಾಕ್ಷಿಯ ಮುಂದಿಟ್ಟು ಸರಿಯೇ ಎಂದು ಕೇಳುವ ಸೂಚನೆಯ ಪ್ರಶ್ನೆಗಳು. ನಮ್ಮ ಕೋರ್ಟುಗಳ ಸಾಕ್ಷ್ಯ ನೋಡಿದರೆ ಕೊನೆಯ ಪುಟ ತುಂಬ "ಎಂದರೆ ಸರಿಯಲ್ಲ", "ಎಂದರೆ ಸರಿಯಲ್ಲ" ಎಂದೇ ಇರುತ್ತದೆ. ಯಾಂತ್ರಿಕವಾಗಿ ಕೇಳುವ ಆ ಪ್ರಶ್ನೆಗಳಲ್ಲೇ ಅಪಾಯವಿದೆ. ಆರೋಪಿ ಸ್ಥಳದಲ್ಲೇ ಇರಲಿಲ್ಲ ಎಂಬುದು ನಮ್ಮ ಕೇಸು. ಅಷ್ಟರಲ್ಲಿ ಜ್ಯೂನಿಯರ್ ಎದ್ದು, "ನೀವೇ ಮೊದಲು ಆರೋಪಿಗೆ ಹೊಡೆದಿರಿ ಎಂದರೆ ಸರಿಯೇ?" ಎಂದು ಕೇಳಿಬಿಡುತ್ತಾರೆ. ಆರೋಪಿಯನ್ನು ನಾವೇ ಸ್ಥಳಕ್ಕೆ ಕರೆದುಕೊಂಡು ಹೋದ ಹಾಗಾಯಿತು. ವಕೀಲರು ಕೇಳಿದ ಇಂಥ ಸೂಚನೆಗಳು ಆರೋಪಿಯನ್ನೂ ಕಟ್ಟಿಹಾಕಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಕೇಸಿಗೆ ಒಂದೇ ವಾದ. ಅದನ್ನು ಒಂದು ಸಾಲಿನಲ್ಲಿ ಬರೆದಿಟ್ಟು, ಪ್ರತಿ ಪ್ರಶ್ನೆ ಆ ಸಾಲಿಗೆ ಒಗ್ಗುತ್ತದೆಯೇ ಎಂದು ನೋಡಿಯೇ ಕೇಳಬೇಕು. ದಾಖಲೆಗಳನ್ನು ಒಪ್ಪುತ್ತೀರಾ ಎಂದು ಕೋರ್ಟ್ ಕೇಳಿದಾಗಲೂ ಅಷ್ಟೆ. ಈಗ ನಕಲು ಕೊಟ್ಟ 30 ದಿನದೊಳಗೆ ಉತ್ತರ ಬೇಕು, ಅವಸರದಲ್ಲಿ ವೈದ್ಯರ ಗಾಯದ ವರದಿಯನ್ನು ಒಪ್ಪಿಬಿಟ್ಟರೆ ವೈದ್ಯರಿಗೆ ಕೇಳುವ ಅವಕಾಶವೇ ಹೋಗಬಹುದು.

ಜಾಮೀನು ಆದೇಶ ಸಿಕ್ಕ ದಿನ ಮನೆಯವರು ಸಿಹಿ ಹಂಚುತ್ತಾರೆ. ವಕೀಲರಿಗೆ ಅಪಾಯ ಶುರುವಾಗುವುದು ಆ ದಿನವೇ. ಶ್ಯೂರಿಟಿ ಬೇಕು, ಪಹಣಿ ಬೇಕು, ಊರಿನವರು ಬರಲು ಒಪ್ಪುವುದಿಲ್ಲ. ಆಗ ಕೋರ್ಟಿನ ಸುತ್ತಮುತ್ತ "ಪಹಣಿ ಸಮೇತ ನಾನು ಕೊಡಿಸುತ್ತೇನೆ" ಎನ್ನುವವರು ಪ್ರತ್ಯಕ್ಷರಾಗುತ್ತಾರೆ. ಬೇರೆಯವರ ಪಹಣಿ, ತಿದ್ದಿದ ಆಧಾರ್. ಆ ಶ್ಯೂರಿಟಿಯನ್ನು ನಾನು ಬಲ್ಲೆ ಎಂದು ಗುರುತಿಸಿ ಸಹಿ ಹಾಕಿದ ವಕೀಲರ ಹೆಸರೇ ಮುಂದೆ ಪ್ರಥಮ ವರ್ತಮಾನ ವರದಿಯಲ್ಲಿ ಬರುತ್ತದೆ, ಹಿಂದೆಯೇ ಪರಿಷತ್ತಿನ ನೋಟಿಸೂ ಬರುತ್ತದೆ. ಅವಳಿಗೆ ಖಂಡಿತವಾಗಿ ಹೇಳು: ತಾನು ಕಣ್ಣಾರೆ ಮೂಲ ಗುರುತಿನ ಚೀಟಿ ನೋಡದೆ, ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ಪರಿಶೀಲಿಸದೆ, ಈ ವ್ಯಕ್ತಿ ಈಗಾಗಲೇ ಎಷ್ಟು ಜನರಿಗೆ ಶ್ಯೂರಿಟಿ ನಿಂತಿದ್ದಾನೆ ಎಂದು ಬರೆಸಿಕೊಳ್ಳದೆ ಸಹಿ ಹಾಕುವುದೇ ಬೇಡ. ಶ್ಯೂರಿಟಿ ಸಿಗದೆ ಆರೋಪಿ ಒಳಗೇ ಉಳಿದರೆ ನೇರ ದಾರಿ ಇದೆ. ಆದೇಶವಾಗಿ 7 ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಬರದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ತಾನಾಗಿಯೇ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶನ ಕೊಟ್ಟಿದೆ. ಷರತ್ತು ಸಡಿಲಿಸುವ ಅರ್ಜಿ ಹಾಕುವುದಕ್ಕೆ ಎರಡು ಹಾಳೆ ಸಾಕು.

ಇಲ್ಲಿಂದ ನಿನ್ನ ಎರಡನೆಯ ಆತಂಕಕ್ಕೆ ಬರುತ್ತೇನೆ. ವಕೀಲರ ಮೇಲಿನ ದೂರುಗಳೆಂದರೆ ಜನ ದೊಡ್ಡ ವಂಚನೆಗಳನ್ನೇ ನೆನೆಸುತ್ತಾರೆ. ಅವೂ ಇವೆ. ಆದರೆ ಒಳ್ಳೆಯ ವಕೀಲರನ್ನು ಸಿಕ್ಕಿಸುವುದು ಸಣ್ಣ ಅಸಡ್ಡೆಗಳು. ಖಾಲಿ ಹಾಳೆಗೆ, ಖಾಲಿ ವಕಾಲತ್ತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳುವುದು. ಫೀಸು ಎಷ್ಟು, ಖರ್ಚಿಗೆ ಎಷ್ಟು ಎಂದು ಬಿಡಿಸದೆ ನಗದು ತೆಗೆದುಕೊಳ್ಳುವುದು. ವಾಯಿದೆ ದಿನಾಂಕ ತಿಳಿಸದೆ, ಆರೋಪಿ ಬರದೆ ಜಾಮೀನು ರಹಿತ ವಾರಂಟ್ ಆಗುವುದು. ಮೇಲ್ಮನವಿಯ ಅವಧಿ ಮುಗಿದ ಮೇಲೆ ತೀರ್ಪಿನ ನಕಲು ಕೈಗೆ ಕೊಡುವುದು. ಚೆಕ್ ಬೌನ್ಸ್ ಕೇಸಿನಲ್ಲಿ ರಾಜಿಯಾಗಿ ಎದುರುಪಕ್ಷ ಕೊಟ್ಟ ಹಣವನ್ನು "ನನ್ನ ಬಾಕಿ ಇದೆ" ಎಂದು ಕಕ್ಷಿದಾರನಿಗೆ ತಿಳಿಸದೆ ಹಿಡಿದುಕೊಳ್ಳುವುದು. ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಬೇಕು, ಬಂದದ್ದು ಫೀಸಿಗೋ ಖರ್ಚಿಗೋ ಎಂದು ನಮೂದಿಸಬೇಕು ಎಂದು 25, 26ನೇ ನಿಯಮಗಳೇ ಹೇಳುತ್ತವೆ. ಗೆದ್ದರೆ ಇಷ್ಟು ಪಾಲು ಎಂಬ ಒಪ್ಪಂದ 20ನೇ ನಿಯಮದ ಪ್ರಕಾರ ನಿಷಿದ್ಧ.

ಫೀಸು ಬಾಕಿ ಇದೆ ಎಂದು ಕೇಸಿನ ಕಟ್ಟು ಹಿಡಿದಿಟ್ಟುಕೊಳ್ಳುವುದು ಬಹಳ ವಕೀಲರು ತಮ್ಮ ಹಕ್ಕು ಎಂದೇ ನಂಬಿರುವ ತಪ್ಪು. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ವಕೀಲರು ಹೀಗೆಯೇ ಬಾಕಿ ಫೀಸಿಗಾಗಿ ಕಡತಗಳನ್ನು ತಡೆಹಿಡಿದಿದ್ದರು. ಕಕ್ಷಿದಾರರ ಕಡತದ ಮೇಲೆ ವಕೀಲರಿಗೆ ಅಂಥ ಹಕ್ಕಿಲ್ಲ, ಹಿಂತಿರುಗಿಸದಿರುವುದು ದುರ್ನಡತೆ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಾಕಿ ವಸೂಲಿಗೆ ಬೇರೆ ದಾವಾ ಹಾಕಲಿ, ಕಡತ ಮಾತ್ರ ಕೇಳಿದ ದಿನವೇ ಕೊಡಬೇಕು. ಕ್ರಿಮಿನಲ್ ಕೇಸಿನಲ್ಲಂತೂ ಕಟ್ಟು ತಡವಾದರೆ ಇನ್ನೊಬ್ಬ ವಕೀಲರಿಗೆ ಜಾಮೀನು ಅರ್ಜಿ ಹಾಕುವುದೇ ಕಷ್ಟ, ಅಷ್ಟು ದಿನ ಒಬ್ಬ ಮನುಷ್ಯ ಜೈಲಿನಲ್ಲಿರುತ್ತಾನೆ. ಕೊಡುವಾಗ ಹಾಳೆಗಳನ್ನು ಎಣಿಸಿ, ಪಟ್ಟಿ ಮಾಡಿ, ಸಹಿ ಪಡೆಯಬೇಕು. ಇದೂ ಅಷ್ಟೇ ಮುಖ್ಯ. ಬೆಂಗಳೂರಿನ ವಕೀಲರೊಬ್ಬರಿಗೆ, ಇಟ್ಟುಕೊಳ್ಳಲು ಕೊಟ್ಟಿದ್ದ ಉಯಿಲನ್ನು ಕೇಳಿದಾಗ ಹಿಂತಿರುಗಿಸಲಿಲ್ಲ ಎಂಬ ಕಾರಣಕ್ಕೆ ಒಂದು ವರ್ಷ ವೃತ್ತಿಯಿಂದ ಅಮಾನತಾಯಿತು. ಹಿಂದಕ್ಕೆ ಕೊಟ್ಟಿದ್ದೇನೆ ಎಂಬ ಅವರ ಮಾತನ್ನು ಸುಪ್ರೀಂ ಕೋರ್ಟ್ ನಂಬಲಿಲ್ಲ.

ಆರೋಪಿ ಪರ ವಕೀಲರಿಗೇ ವಿಶೇಷವಾದ ಮೂರು ಸಂಕಟಗಳಿವೆ. ಅಣ್ಣತಮ್ಮ ಇಬ್ಬರೂ ಆರೋಪಿಗಳು, ಇಬ್ಬರದೂ ಒಂದೇ ವಕಾಲತ್ತು. ಮೂರು ತಿಂಗಳಿಗೆ ತಮ್ಮ ಬಂದು "ಕುಡುಗೋಲು ಹಿಡಿದವನು ಅಣ್ಣ, ನಾನು ಬಿಡಿಸಲು ಹೋದೆ" ಎನ್ನುತ್ತಾನೆ. ಆ ಕ್ಷಣದಿಂದ ಇಬ್ಬರ ಹಿತವೂ ಬೇರೆಯಾಯಿತು. ಇಬ್ಬರ ಗುಟ್ಟೂ ಗೊತ್ತಿರುವ ವಕೀಲರು ಒಬ್ಬನನ್ನು ಉಳಿಸಲು ಇನ್ನೊಬ್ಬನ ಮೇಲೆ ಹಾಕುವಂತಿಲ್ಲ, ಹೆಚ್ಚಿನ ಸಂದರ್ಭಗಳಲ್ಲಿ ಇಬ್ಬರನ್ನೂ ಬಿಡಬೇಕಾಗುತ್ತದೆ. ಆದ್ದರಿಂದ ಮೊದಲ ದಿನವೇ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿ ಕೇಳಬೇಕು. ಎರಡನೆಯದು, ಕಕ್ಷಿದಾರನೇ "ನಾನೇ ಮಾಡಿದ್ದು" ಎಂದಾಗ. ಅದನ್ನು ಹೊರಗೆ ಹೇಳುವಂತಿಲ್ಲ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಆ ಮಾತನ್ನು ಕಾಯುತ್ತದೆ. ಮುಂದೆ ಮಾಡಲಿರುವ ಅಪರಾಧಕ್ಕೆ ಸಲಹೆ ಕೇಳಿದರೆ ಆ ರಕ್ಷಣೆ ಇಲ್ಲ. ಕೇಸನ್ನು ಮುಂದುವರಿಸಬಹುದು, ಸರ್ಕಾರದ ಸಾಕ್ಷ್ಯ ಸಾಲದು ಎಂದು ವಾದಿಸಬಹುದು. ಆದರೆ ಅವನು ಆ ದಿನ ಧರ್ಮಸ್ಥಳದಲ್ಲಿದ್ದ ಎಂದು ಸುಳ್ಳು ಸಾಕ್ಷಿ ಕರೆಸುವಂತಿಲ್ಲ. ಕಕ್ಷಿದಾರನಿಗೆ ಕೊಟ್ಟ ಸಲಹೆಯ ಬಗ್ಗೆ ಹೇಳಿ ಎಂದು ತನಿಖಾಧಿಕಾರಿ ವಕೀಲರಿಗೇ ನೋಟಿಸ್ ಕಳಿಸಿದರೆ ಹೆದರಬೇಕಾಗಿಲ್ಲ. 132ರ ವಿನಾಯಿತಿಗಳಲ್ಲಿ ಬಂದರೆ ಮಾತ್ರ, ಅದೂ ಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಮೇಲಧಿಕಾರಿಯ ಒಪ್ಪಿಗೆಯೊಂದಿಗೆ ಮಾತ್ರ ಹಾಗೆ ಕರೆಯಬಹುದು ಎಂದು 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಮೂರನೆಯದು ಸಾಕ್ಷಿಗಳ ಸಂಪರ್ಕ, ಇದು ಎಲ್ಲಕ್ಕಿಂತ ಘೋರ. 1999ರಲ್ಲಿ ದೆಹಲಿಯಲ್ಲಿ ಬಿಎಂಡಬ್ಲ್ಯೂ ಕಾರು ಹರಿದು ಆರು ಜನ ಸತ್ತ ಪ್ರಕರಣದಲ್ಲಿ, ಆರೋಪಿಯ ಹಿರಿಯ ವಕೀಲರು ಸರ್ಕಾರಿ ಸಾಕ್ಷಿಯನ್ನು ತಿರುಗಿಸಲು ನಡೆಸಿದ ಯತ್ನ 2007ರಲ್ಲಿ ಟಿವಿಯ ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಯಿತು. ದೆಹಲಿ ಹೈಕೋರ್ಟ್ ನ್ಯಾಯಾಂಗ ನಿಂದನೆಯೆಂದು ತೀರ್ಮಾನಿಸಿ ನಾಲ್ಕು ತಿಂಗಳು ತನ್ನಲ್ಲಿ ಮತ್ತು ಕೆಳಗಿನ ಕೋರ್ಟುಗಳಲ್ಲಿ ವಾದಿಸದಂತೆ ತಡೆಯಿತು. ಅವರ ತಪ್ಪನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ದಶಕಗಳ ಹೆಸರು ಒಂದು ಸಂಜೆಯಲ್ಲಿ ಹೋಯಿತು. ಸಾಕ್ಷಿಯೇ ಕಚೇರಿಗೆ ಬಂದು "ರಾಜಿ ಮಾಡಿಸಿ" ಎಂದರೂ ಒಬ್ಬಳೇ ಮಾತಿಗೆ ಕೂರಬಾರದು. ರಾಜಿಗೆ ಅವಕಾಶವಿರುವ ಅಪರಾಧವಾದರೆ ಕೋರ್ಟಿನ ಮೂಲಕವೇ ಆಗಲಿ.

ಇನ್ನು ದೂರು ನಡೆಯುವ ಬಗೆ. ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯ ಹಳೇ ಕೆಜಿಐಡಿ ಕಟ್ಟಡದಲ್ಲಿ ರಾಜ್ಯ ವಕೀಲರ ಪರಿಷತ್ತಿದೆ. ಸಹಿ ಮಾಡಿ, ದೃಢೀಕರಿಸಿದ ಅರ್ಜಿಯ ರೂಪದಲ್ಲಿ ದೂರು ಕೊಡಬೇಕು, ಕನ್ನಡದಲ್ಲೂ ಕೊಡಬಹುದು. ದೂರು ಬಂದ ಕೂಡಲೇ ಸನ್ನದು ಹೋಗುವುದಿಲ್ಲ. 1961ರ ವಕೀಲರ ಅಧಿನಿಯಮದ 35ನೇ ಕಲಮಿನಂತೆ, ದುರ್ನಡತೆ ನಡೆದಿದೆ ಎಂದು ನಂಬಲು ಕಾರಣವಿದೆ ಎಂದು ಪರಿಷತ್ತಿಗೆ ಅನಿಸಿದರೆ ಮಾತ್ರ ಮೂವರ ಶಿಸ್ತು ಸಮಿತಿಗೆ ಹೋಗುತ್ತದೆ. ಆ ಹಂತದಲ್ಲೇ ಬಿದ್ದುಹೋಗುವ ದೂರುಗಳೂ ಇವೆ. ಎದುರುಪಕ್ಷದವರು ನಮ್ಮ ವಕೀಲರ ಮೇಲೆ ಸಿಟ್ಟಿಗೆ ದೂರು ಕೊಡುವುದು ಕ್ರಿಮಿನಲ್ ಕೇಸುಗಳಲ್ಲಿ ಸಾಮಾನ್ಯ. ಅಂಥದ್ದೊಂದು ಮಹಾರಾಷ್ಟ್ರದ ದೂರನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿ, ಕಾರಣ ಬರೆಯದೆ ಸಮಿತಿಗೆ ಕಳಿಸುವಂತಿಲ್ಲ ಎಂದಿತು. ಸಮಿತಿಗೆ ಸಾಕ್ಷಿಗಳನ್ನು ಕರೆಸುವ, ಪ್ರಮಾಣ ಮಾಡಿಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರವಿದೆ. ಕೊನೆಗೆ ದೂರು ವಜಾ, ಛೀಮಾರಿ, ನಿಗದಿತ ಅವಧಿಗೆ ಅಮಾನತು, ಇಲ್ಲವೇ ವಕೀಲರ ಪಟ್ಟಿಯಿಂದ ಹೆಸರು ತೆಗೆಯುವುದು, ಈ ನಾಲ್ಕರಲ್ಲಿ ಒಂದು. ಒಂದು ವರ್ಷದಲ್ಲಿ ಮುಗಿಯದಿದ್ದರೆ ಕೇಸು ದೆಹಲಿಗೆ, ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಆದೇಶದ ಮೇಲೆ 60 ದಿನದಲ್ಲಿ ಅಲ್ಲಿಗೆ ಮೇಲ್ಮನವಿ, ಅಲ್ಲಿಂದ ಮತ್ತೆ 60 ದಿನದಲ್ಲಿ ಸುಪ್ರೀಂ ಕೋರ್ಟಿಗೆ.

ನೋಟಿಸ್ ಬಂದವರು ಮಾಡುವ ದೊಡ್ಡ ತಪ್ಪು ಎರಡು. "ಇದೇನು ಸುಳ್ಳು ದೂರು" ಎಂದು ಉತ್ತರವನ್ನೇ ಕೊಡದಿರುವುದು. ಹಾಜರಾಗದಿದ್ದರೆ ಸಮಿತಿ ಏಕಪಕ್ಷೀಯವಾಗಿ ಮುಂದುವರಿಯಬಹುದು. ಇನ್ನೊಂದು, ದೂರುದಾರನಿಗೆ ಹಣ ಕೊಟ್ಟು ವಾಪಸು ತೆಗೆಸಿದರೆ ಮುಗಿಯಿತು ಎಂದುಕೊಳ್ಳುವುದು. ರಾಜಿಯಾಯಿತು, ಹಿಂತೆಗೆದುಕೊಂಡೆ ಎಂಬ ಒಂದೇ ಕಾರಣಕ್ಕೆ ಶಿಸ್ತು ವಿಚಾರಣೆ ನಿಲ್ಲಬಾರದು ಎಂದು ನಿಯಮವೇ ಹೇಳುತ್ತದೆ. ಮೇಲಾಗಿ ಆ ಹಣವೇ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಉತ್ತರ ಬರೆಯುವಾಗ ಸಿಟ್ಟು ಬೇಡ. ದೂರಿನ ಒಂದೊಂದು ಪ್ಯಾರಾಕ್ಕೂ ತಾರೀಖು ಸಮೇತ ಉತ್ತರ, ಪಕ್ಕದಲ್ಲಿ ದಾಖಲೆ: ಆರ್ಡರ್ ಶೀಟಿನ ದೃಢೀಕೃತ ನಕಲು, ವಾಯಿದೆ ತಿಳಿಸಿದ ವಾಟ್ಸ್ಆ್ಯಪ್ ಸಂದೇಶ, ಅದಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ರಸೀದಿಯ ಅರ್ಧಪ್ರತಿ. ಸಾಕ್ಷ್ಯ ಗಟ್ಟಿಯಿಲ್ಲದೆ ಬರೀ ಅನುಮಾನದ ಮೇಲೆ ವಕೀಲರನ್ನು ಶಿಕ್ಷಿಸುವಂತಿಲ್ಲ, ಅದು ನಿಜ. ಆದರೆ ನಮ್ಮ ಬಳಿ ಕಾಗದವೇ ಇಲ್ಲದಿದ್ದರೆ ಅವನ ಮಾತು, ನಮ್ಮ ಮಾತು, ಎರಡೇ ಉಳಿಯುತ್ತವೆ. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ತೀರ್ಮಾನವಾದ ಮೇಲೆ, ನೊಂದ ಕಕ್ಷಿದಾರರಿಗೆ ಪರಿಷತ್ತಿನ ಬಾಗಿಲು ಇನ್ನೂ ಮುಖ್ಯವಾಗಿದೆ. ಆ ಬಾಗಿಲು ಇರಲೇಬೇಕು ಎಂಬುದು ನನ್ನ ದೃಢ ನಂಬಿಕೆ. ಜೈಲಿನಲ್ಲಿರುವ ಮಗನಿಗಾಗಿ ಒಡವೆ ಒತ್ತೆಯಿಟ್ಟು ಫೀಸು ತಂದ ತಾಯಿಗೆ ಬೇರೆ ಎಲ್ಲೂ ಹೇಳಿಕೊಳ್ಳಲು ಜಾಗವಿಲ್ಲ.

ಹಣದ ಚಿಂತೆಯನ್ನೂ ಬರೆದಿದ್ದೀಯ. ಮೊದಲ ವರ್ಷಗಳು ಕಷ್ಟವೇ. ಜ್ಯೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದೆ, ಕಡ್ಡಾಯವಲ್ಲ. ಎಷ್ಟು ಕೊಡುತ್ತಾರೆ ಎಂಬುದಕ್ಕಿಂತ, ಸೆಷನ್ಸ್ ವಿಚಾರಣೆಗಳನ್ನು ಕೊನೆಯವರೆಗೆ ನಡೆಸುವ ಸೀನಿಯರ್ ಕಚೇರಿಯನ್ನೇ ಹುಡುಕಲಿ. ಬರೀ ಜಾಮೀನು ಅರ್ಜಿಗಳ ಕಚೇರಿಯಲ್ಲಿ ಪಾಟೀ ಸವಾಲು ಕಲಿಯಲಾಗುವುದಿಲ್ಲ. ಇನ್ನೊಂದು ಒಳ್ಳೆಯ ದಾರಿ, ಕಾನೂನು ಸೇವಾ ಪ್ರಾಧಿಕಾರದ ಅಭಿರಕ್ಷಕರ (ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್) ವ್ಯವಸ್ಥೆ. 2022ರ ಯೋಜನೆಯಂತೆ ಸಹಾಯಕ ಅಭಿರಕ್ಷಕರ ಹುದ್ದೆಗೆ 0ಯಿಂದ 3 ವರ್ಷದ ಅನುಭವ ಸಾಕು. ಪೂರ್ಣಾವಧಿ ಕೆಲಸ, ಖಾಸಗಿ ಕೇಸು ಮಾಡುವಂತಿಲ್ಲ, ಆದರೆ ವಕೀಲರನ್ನು ಇಡಲಾರದ ಬಡವರ ಕೇಸುಗಳನ್ನು ಮೊದಲ ರಿಮ್ಯಾಂಡಿನಿಂದಲೇ ನಡೆಸಬಹುದು. ಅವಳ ಹಟಕ್ಕೆ ಇದು ಸರಿಯಾದ ಜಾಗ ಎಂದು ನನಗೆ ಅನಿಸುತ್ತದೆ.

ಈ ಪತ್ರದ ಜೊತೆ ಮೂರು ಮಾದರಿ ಇಟ್ಟಿದ್ದೇನೆ. ಫೀಸು ಮತ್ತು ಖರ್ಚಿಗೆ ಬೇರೆಬೇರೆ ಅಂಕಣವಿರುವ ರಸೀದಿ, ಕಡತ ಹಿಂತಿರುಗಿಸುವಾಗ ಸಹಿ ಪಡೆಯುವ ಪಟ್ಟಿ, ಬಂಧನದ ಫೋನ್ ಬಂದಾಗ ತುಂಬಬೇಕಾದ ಒಂದು ಪುಟದ ಟಿಪ್ಪಣಿ. ರಸೀದಿಯನ್ನು ಕಾರ್ಬನ್ ಹಾಳೆ ಇಟ್ಟು ಬರೆಯುವ ಪುಸ್ತಕವಾಗಿ, ಕ್ರಮಸಂಖ್ಯೆ ಹಾಕಿಸಿ, 100 ಹಾಳೆಯದು ಒಂದು ಮುದ್ರಿಸಿಕೊಡು. ಕೋಟು, ಬ್ಯಾಂಡು ಹೇಗೂ ಕೊಡಿಸಿರುತ್ತೀಯ, ಇದೂ ಅದರ ಜೊತೆಗಿರಲಿ. ಅವಳು ಮೊದಲ ಮಹಜರು ಓದಿ ಮುಗಿಸಿದ ದಿನ ಫೋನ್ ಮಾಡಲು ಹೇಳು, ಒಟ್ಟಿಗೆ ಕೂತು ಓದೋಣ.

ನಿನ್ನ,
ಹಳೆಯ ಗೆಳೆಯ